ಅಜ್ಜನ ಕುರ್ಚಿ ಅಲ್ಲೇ ಇರಲಿ

‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆ ನಮ್ಮಲ್ಲಿ ಬಹಳ ಹಳೆಯದು. ಹಣೆಯ ಮೇಲೆಯೇ ಕನ್ನಡಕವಿಟ್ಟುಕೊಂಡು ಮನೆಯೆಲ್ಲ ಹುಡುಕುವ ಅಜ್ಜ, ಒಲೆಯ ಮೇಲೆ ಹಾಲಿಟ್ಟು ಮರೆಯುವ ಅಜ್ಜಿ – ಇವರನ್ನು ಕಂಡು ನಕ್ಕು ಸುಮ್ಮನಾಗುವುದು ರೂಢಿ. ಆದರೆ ನಲವತ್ತು ವರ್ಷ ಬಾಳಿದ ಸ್ವಂತ ಮನೆಯಲ್ಲೇ ಕುಳಿತು ‘ಹೊತ್ತಾಯಿತು, ಮನೆಗೆ ಹೋಗೋಣ’ ಎಂದು ಅಜ್ಜ ಹಟ ಹಿಡಿದರೆ? ಅದು ಬರೀ ವಯಸ್ಸಿನ ಅರಳು ಮರಳಲ್ಲ. ಮಿದುಳಿನ ಕಾಯಿಲೆ ಇರಬಹುದು. ವೈದ್ಯರು ಅದನ್ನು ಡಿಮೆನ್ಷಿಯಾ ಎನ್ನುತ್ತಾರೆ.

ಜರ್ಮನಿಯ ವೈದ್ಯ ಅಲೋಯಿಸ್ ಆಲ್‌ಝೈಮರ್ ಇಂಥ ಒಬ್ಬ ಮಹಿಳೆಯ ಮಿದುಳಿನಲ್ಲಿ ತಾವು ಕಂಡ ಬದಲಾವಣೆಗಳನ್ನು 1906ರಲ್ಲಿ ಮೊದಲ ಬಾರಿಗೆ ವಿವರಿಸಿದರು. ಡಿಮೆನ್ಷಿಯಾಕ್ಕೆ ಕಾರಣಗಳು ಹಲವು; ಅವುಗಳಲ್ಲಿ ಅವರ ಹೆಸರು ಹೊತ್ತ ಆಲ್‌ಝೈಮರ್ ಕಾಯಿಲೆಯೇ ಹೆಚ್ಚು. ಭಾರತದಲ್ಲಿ ಅರವತ್ತು ದಾಟಿದವರ ಪೈಕಿ ಶೇಕಡಾ 7.4ರಷ್ಟು ಜನರಿಗೆ, ಅಂದರೆ ಸುಮಾರು 88 ಲಕ್ಷ ಮಂದಿಗೆ, ಡಿಮೆನ್ಷಿಯಾ ಇದೆಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದು ಅಂದಾಜು ಮಾಡಿತು.

ಈ ವಿಷಯದಲ್ಲಿ ಮೈಸೂರಿಗೆ ವಿಶೇಷ ಸ್ಥಾನವಿದೆ. ಇಲ್ಲಿನ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆ, ಅಂದರೆ ಊರವರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದಲೇ ಅಲ್ಲಿ ಹುಟ್ಟಿದ ಶಿಶುಗಳ ತೂಕ, ಉದ್ದಗಳನ್ನು ಬರೆದಿಟ್ಟುಕೊಂಡು ಬಂದಿತ್ತು. ದಶಕಗಳ ನಂತರ ಸಂಶೋಧಕರು ಆ ‘ಶಿಶು’ಗಳನ್ನು ಹುಡುಕಿ ತೆಗೆದರು. ಹುಟ್ಟಿದಾಗಿನ ತೂಕಕ್ಕೂ ಮುಪ್ಪಿನ ನೆನಪಿನ ಶಕ್ತಿಗೂ ಸಂಬಂಧವಿದೆಯೇ ಎಂದು ಪರಿಶೀಲಿಸಿದರು.

ಕಾಯಿಲೆಯನ್ನು ಪೂರ್ತಿ ಗುಣಪಡಿಸುವ ಔಷಧಿ ಇನ್ನೂ ಬಂದಿಲ್ಲ. ಹಾಗಾದರೆ ಮನೆಯವರು ಕೈಕಟ್ಟಿ ಕೂರಬೇಕೆ? ಬೇಕಿಲ್ಲ. ಅವರ ಕೈಯಲ್ಲಿರುವ ಒಂದು ಸಾಧನ ಮನೆಯ ಪೀಠೋಪಕರಣ!

ದೇಹ ಮರೆಯದ ಪಾಠ

ಮಿದುಳಿನೊಳಗೆ ಹಿಪೊಕ್ಯಾಂಪಸ್ ಎಂಬ ಭಾಗವಿದೆ. ಬೆಳಿಗ್ಗೆ ಏನು ತಿಂದೆ, ನಿನ್ನೆ ಯಾರು ಬಂದಿದ್ದರು ಎಂಬ ಹೊಸ ನೆನಪುಗಳು ಅಚ್ಚಾಗಲು ಅದು ಬೇಕು. ಆಲ್‌ಝೈಮರ್ ಕಾಯಿಲೆಯಲ್ಲಿ ಬೇಗ ಹಾಳಾಗುವ ಭಾಗಗಳಲ್ಲಿ ಇದೂ ಒಂದು. ಆದರೆ ಸೈಕಲ್ ತುಳಿಯುವುದು, ಹೂ ಕಟ್ಟುವುದು ಮುಂತಾದ ಅಭ್ಯಾಸಗಳ ನೆನಪು ಮಿದುಳಿನ ಬೇರೆ ಭಾಗಗಳಲ್ಲಿದ್ದು, ಹೆಚ್ಚು ಕಾಲ ಉಳಿಯುತ್ತದೆ. ಮೊಮ್ಮಗನ ಹೆಸರು ನೆನಪಾಗದ ಅಜ್ಜಿ ಸರಸರನೆ ಮಲ್ಲಿಗೆ ದಂಡೆ ಕಟ್ಟಬಲ್ಲರು.

ಲಕ್ಷ್ಮೀಪುರಂ ಅಥವಾ ಕೃಷ್ಣಮೂರ್ತಿಪುರಂನ ಒಂದು ಹಳೆಯ ಮನೆಯನ್ನು ಊಹಿಸಿಕೊಳ್ಳಿ. ಕಿಟಕಿಯ ಪಕ್ಕ ಬೆತ್ತದ ಕುರ್ಚಿ. ಅಜ್ಜ ಕಾಫಿ ಕುಡಿದದ್ದು, ಪೇಪರು ಓದಿದ್ದು ಅದರಲ್ಲೇ. ಮನೆ ನವೀಕರಣವಾಗುತ್ತದೆ, ಕುರ್ಚಿ ಗುಜರಿಗೆ ಹೋಗಿ, ಮೆತ್ತನೆಯ ಸೋಫಾ ಬರುತ್ತದೆ. ಮಗನ ಉದ್ದೇಶ ಒಳ್ಳೆಯದೇ: ಅಪ್ಪ ಸುಖವಾಗಿ ಕೂರಲಿ ಎಂದು. ಆದರೆ ಅಜ್ಜನ ಕಾಲುಗಳು ಅದೇ ಕಿಟಕಿಯ ಬಳಿ ಹೋಗಿ ನಿಲ್ಲುತ್ತವೆ. ಕುರ್ಚಿ ಇಲ್ಲ! ಕಾಲು, ಕೈ, ಬೆನ್ನುಗಳು ಗುರುತಿಟ್ಟುಕೊಂಡಿದ್ದ ಮನೆಯೇ ಮಾಯವಾದಂತೆ. ‘ಮನೆಗೆ ಹೋಗೋಣ’ ಎಂಬ ಹಟದ ಹಿಂದೆ ಇಂಥ ಕಳವಳವೂ ಇರಬಹುದಲ್ಲವೆ?

ನೆದರ್ಲೆಂಡ್ಸ್‌ನ ಹೋಗೆವೈಕ್ ಎಂಬ ಡಿಮೆನ್ಷಿಯಾ ಗ್ರಾಮ 2009ರಲ್ಲಿ ಆರಂಭವಾದಾಗ ಈ ತತ್ವವನ್ನೇ ಅನುಸರಿಸಿತು. ಅಲ್ಲಿರುವುದು ಆಸ್ಪತ್ರೆಯ ವಾರ್ಡುಗಳಲ್ಲ. ನಿವಾಸಿಗಳು ಬಾಳಿ ಬಂದ ರೀತಿಗೆ ತಕ್ಕಂತೆ ಸಜ್ಜುಗೊಳಿಸಿದ ಮನೆಗಳು.

ಒಂದು ಸಣ್ಣ ಪ್ರಯೋಗ

ವಿದ್ಯಾರ್ಥಿಗಳು ಇದನ್ನು ಈಗಲೇ ಮಾಡಿ ನೋಡಬಹುದು. ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ, ಪಾದಗಳನ್ನು ಮುಂದೆ ಚಾಚಿ ಕುಳಿತುಕೊಳ್ಳಿ. ಮುಂದಕ್ಕೆ ಬಾಗದೆ, ಕೈ ಊರದೆ ಎದ್ದು ನಿಲ್ಲಿ. ಆಗುವುದಿಲ್ಲ! ಏಳಬೇಕಾದರೆ ದೇಹದ ಗುರುತ್ವ ಕೇಂದ್ರ ಪಾದಗಳ ನೇರಕ್ಕೆ ಬರಬೇಕು. ಅದಕ್ಕಾಗಿಯೇ ನಾವು ಪಾದಗಳನ್ನು ಹಿಂದಕ್ಕೆಳೆದು ಮುಂದೆ ಬಾಗುತ್ತೇವೆ.

ತಗ್ಗಾದ, ಮೆತ್ತನೆಯ ಸೋಫಾದಲ್ಲಿ ಸೊಂಟ ಮಂಡಿಗಿಂತ ಕೆಳಕ್ಕೆ ಹೂತುಹೋಗುತ್ತದೆ. ಗುರುತ್ವ ಕೇಂದ್ರ ಹಿಂದೆ ಸರಿಯುತ್ತದೆ. ವೃದ್ಧರ ಸೋತ ತೊಡೆಗಳಿಗೆ ಅದನ್ನು ಮುಂದೆ ತರುವುದು ಕಷ್ಟ. ಏಳಲಾಗದ ಅಜ್ಜ ರೇಗುತ್ತಾರೆ. ಮನೆಯವರು ‘ಸ್ವಭಾವ ಕೆಟ್ಟಿತು’ ಎನ್ನುತ್ತಾರೆ. ಪಾದ ಪೂರ್ತಿ ನೆಲಕ್ಕೆ ತಾಗುವಷ್ಟು, ಮಂಡಿಯ ಮಟ್ಟದ ಎತ್ತರ, ಗಟ್ಟಿಯಾದ ಆಸನ, ಮುಂದಿನ ಅಂಚಿನವರೆಗೆ ಬಂದು ಹಿಡಿತಕ್ಕೆ ಸಿಗುವ ಕೈಗಳು, ಕುರ್ಚಿ ಹಿಂದೆ ಸರಿಯದಂತೆ ಹಿಂಗಾಲುಗಳ ಅಡಿ ಬಿಗಿ ಹಿಡಿತ – ಇವಿಷ್ಟಿದ್ದರೆ ಸಾಕು. ಅಳತೆ ಹೇಳಿದರೆ ಬಡಾವಣೆಯ ಬಡಗಿಯೇ ಮಾಡಿಕೊಡುತ್ತಾನೆ.

ಕಣ್ಣು ಕಂಡದ್ದೇ ಬೇರೆ

ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟುತ್ತದೆ, ಪಾಪೆ ಕಿರಿದಾಗುತ್ತದೆ. ಇಪ್ಪತ್ತರ ಕಣ್ಣಿನ ಅಕ್ಷಿಪಟಕ್ಕೆ ತಲುಪುವ ಬೆಳಕಿನ ಸುಮಾರು ಮೂರನೇ ಒಂದು ಭಾಗವಷ್ಟೇ ಅರವತ್ತರ ಕಣ್ಣಿಗೆ ದಕ್ಕುತ್ತದೆ. ಡಿಮೆನ್ಷಿಯಾ ಇದ್ದವರಲ್ಲಿ ಕಂಡದ್ದನ್ನು ಅರ್ಥಮಾಡಿಕೊಳ್ಳುವ ಶಕ್ತಿಯೂ ಕುಗ್ಗುತ್ತದೆ. ಹೊಳೆಯುವ ಟೈಲ್ಸ್ ನೀರು ಚೆಲ್ಲಿದಂತೆ ತೋರಬಹುದು. ಕಪ್ಪು ಕಾಲೊರೆಸು ಗುಂಡಿಯಂತೆ. ನೆಲದ ಬಣ್ಣದ್ದೇ ಕುರ್ಚಿಯಾದರೆ ಆಸನದ ಅಂಚು ತಿಳಿಯದು.

ಮೈಸೂರಿನ ಹೆಮ್ಮೆಯಾದ ಬೀಟೆ ಮರದ ಇನ್‌ಲೇ ಕಲೆಗೂ ಇಲ್ಲೊಂದು ಎಚ್ಚರಿಕೆ ಬೇಕು. ಆನೆ, ಹೂಬಳ್ಳಿಗಳ ಚಿತ್ತಾರ ಗೋಡೆಗೆ ಚೆಂದ. ಊಟದ ಮೇಜಿನ ಮೇಲಿದ್ದರೆ ಅಜ್ಜಿ ಆ ಹೂವನ್ನು ಹೆಕ್ಕಲು ಹೋಗಿ ಊಟ ಮರೆಯಬಹುದು. ಮೇಜಿಗೆ ಒಂದೇ ಬಣ್ಣ, ತಟ್ಟೆಗೆ ಎದ್ದು ಕಾಣುವ ಇನ್ನೊಂದು ಬಣ್ಣ ಒಳ್ಳೆಯದು. ಅಮೆರಿಕದ ಬಾಸ್ಟನ್ನಿನ ಸಂಶೋಧಕರು 2004ರಲ್ಲಿ ಪ್ರಕಟಿಸಿದ ಪುಟ್ಟ ಅಧ್ಯಯನದಲ್ಲಿ, ಬಿಳಿಯ ಬದಲು ಗಾಢ ಕೆಂಪು ತಟ್ಟೆ, ಲೋಟ ಕೊಟ್ಟಾಗ ರೋಗಿಗಳು ತಿಂದದ್ದು ಶೇ. 25ರಷ್ಟು, ಕುಡಿದದ್ದು ಶೇ. 84ರಷ್ಟು ಹೆಚ್ಚಿತು.

ಬೀರುವಿನ ವಿಷಯವೂ ಹೀಗೆಯೇ. ಮುಚ್ಚಿದ ಬಾಗಿಲ ಹಿಂದಿನದು ಅವರ ಪಾಲಿಗೆ ಇಲ್ಲವೇ ಇಲ್ಲ. ಒಂದು ಜೊತೆ ಬಟ್ಟೆ, ಕನ್ನಡಕ, ನೀರಿನ ಚೊಂಬು ಕಣ್ಣಿಗೆ ಕಾಣುವಂತೆ ತೆರೆದ ಹಲಗೆಯ ಮೇಲಿದ್ದರೆ ಎಷ್ಟೋ ಹುಡುಕಾಟ, ಅಳು ತಪ್ಪುತ್ತದೆ.

ತೂಗುವ ಸುಖ

ಅಳುವ ಮಗುವನ್ನು ತೊಟ್ಟಿಲಲ್ಲಿ ತೂಗುವುದು ಯಾವ ತಾಯಿಗೆ ಗೊತ್ತಿಲ್ಲ? ಒಳಕಿವಿಯ ಸಮತೋಲನ ಅಂಗಗಳು ನಿಧಾನದ ತೂಗಾಟವನ್ನು ಮಿದುಳಿಗೆ ತಿಳಿಸುತ್ತವೆ. ರಾಚೆಸ್ಟರ್ ವಿಶ್ವವಿದ್ಯಾಲಯದವರು ವೃದ್ಧರ ಆರೈಕೆ ಕೇಂದ್ರಗಳಲ್ಲಿ ತೂಗುಕುರ್ಚಿಯ ಪ್ರಯೋಗ ನಡೆಸಿ 1998ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೆಚ್ಚು ಹೊತ್ತು ತೂಗಿಕೊಂಡ ಡಿಮೆನ್ಷಿಯಾ ರೋಗಿಗಳಲ್ಲಿ ಆತಂಕ, ಖಿನ್ನತೆ ಕಡಿಮೆಯಾದದ್ದು ಕಂಡುಬಂತು. ನಮ್ಮ ಹಳೆಯ ಮನೆಗಳ ತೂಗುಮಣೆಗೂ ಇದೇ ಗುಣವಿದ್ದೀತು. ಆದರೆ ಕೂರುವಾಗ, ಏಳುವಾಗ ಅದನ್ನು ಅಲುಗದಂತೆ ಒಬ್ಬರು ಹಿಡಿದಿರಲೇಬೇಕು.

ಕೊನೆಗೆ ಒಂದು ಕಹಿ ಮಾತು. ಅಜ್ಜ ಎದ್ದು ಹೊರಗೆ ಹೋಗಿಬಿಡುತ್ತಾರೆಂಬ ಭಯದಿಂದ ಅವರನ್ನು ಸೀರೆಯಲ್ಲೋ ಪಂಚೆಯಲ್ಲೋ ಕುರ್ಚಿಗೆ ಕಟ್ಟುವವರಿದ್ದಾರೆ. ದಣಿದ ಮನೆಯವರ ಕಷ್ಟ ನಿಜ. ಆದರೆ ಕಟ್ಟಿಹಾಕಿದರೆ ಭಯ ಹೆಚ್ಚುತ್ತದೆ, ಬಿಡಿಸಿಕೊಳ್ಳಲು ಹೋಗಿ ಬೀಳುವ ಅಪಾಯವೂ ಇದೆ. ಬೇಕೆಂದಾಗ ಏಳಲು ಬರುವುದೇ ಒಳ್ಳೆಯ ಕುರ್ಚಿಯ ಲಕ್ಷಣ. ಅವರು ಎದ್ದಾಗ ಜೊತೆಗೆ ನಾಲ್ಕು ಹೆಜ್ಜೆ ನಡೆಯಲು ಒಬ್ಬರು ಬೇಕು, ಅಷ್ಟೆ.

ಪರೀಕ್ಷೆಗೆ ಓದುವ ಮಕ್ಕಳು ತಮ್ಮ ಪುಸ್ತಕವನ್ನು ದಿನಕ್ಕೆ ಅರ್ಧ ಗಂಟೆ ಆ ಕಿಟಕಿಯ ಬಳಿಗೇ ಒಯ್ಯಬಹುದು. ಅಜ್ಜನಿಗೆ ಹೆಸರು ನೆನಪಾಗದಿದ್ದೀತು. ಆದರೆ ಹಳೆಯ ಕುರ್ಚಿ, ಹಳೆಯ ಕಿಟಕಿ, ಪಕ್ಕದಲ್ಲೊಂದು ಮಗು ಇದ್ದರೆ, ಮನೆಗೆ ಹೋಗೋಣ ಎಂಬ ಮಾತು ಅವರ ಬಾಯಲ್ಲಿ ಅಷ್ಟು ಸಲ ಬರಲಾರದು.