ಜಗಲಿಯ ಮಾಡು ಕೂಡುವ ಎಡೆಯಲ್ಲಿ ಅಟ್ಟಕ್ಕೆ ಗಾಳಿ

ಮಲೆನಾಡಿನ ಗೃಹಸ್ಥರಲ್ಲಿ ಬಿತ್ತನೆಯ ಬತ್ತವನ್ನು ಅಟ್ಟದಲ್ಲಿಡುವ ವಾಡಿಕೆಯುಂಟು. ಸೂರಿನ ಸಂದಿನಿಂದ ಗಾಳಿ ಒಳಹೊಕ್ಕು, ಬಿಸಿಯಾಗಿ ಮೇಲೇರಿ ಹೊರಹೋಗುತ್ತಿರುವವರೆಗೆ ತೊಂದರೆಯಿಲ್ಲ. ಆಮೇಲೆ ಜಗಲಿ ಕಟ್ಟಿಸಿ, ಅದರ ಮಾಡನ್ನು ಅದೇ ಸೂರಿಗೆ ಕೂಡಿಸಿ ಸಂದನ್ನು ಮುಚ್ಚಿಸಿದರೆ ಗಾಳಿಯ ದಾರಿ ಕಟ್ಟಿಹೋಗುವುದು. ನಾಡಹೆಂಚಿನ ನಡುವೆ ಗಾಳಿ ಅಷ್ಟಿಷ್ಟು ಸುಳಿಯುವುದು. 1865ರಿಂದ ಕಾರ್ಖಾನೆಯಲ್ಲಿ ತಯಾರಾಗುತ್ತ ಬಂದ ಮಂಗಳೂರು ಹೆಂಚನ್ನು ಹಲಗೆಯ ಮೇಲೆ ಹೊದಿಸಿದಲ್ಲಿ ಅದೂ ಕಡಮೆ. ಅಡಿಗೆಮನೆಯ ಆವಿಯೂ ಧಾನ್ಯದ ತೇವವೂ ಅಟ್ಟದಲ್ಲಿಯೇ ನಿಂತು, ರಾತ್ರಿ ಮಾಡು ತಣ್ಣಗಾದಾಗ ಹನಿಗಟ್ಟುವುವು. ಆಗ ಕೂಡಿದ ಎಡೆಯ ಮರ ಕೊಳೆಯುವುದು, ಬೀಜಕ್ಕೆ ಬೂಷ್ಟು ಹಿಡಿದು ಮೊಳೆಯುವ ಶಕ್ತಿ ಕುಂದುವುದು. ಇದನ್ನು ಹೆಂಚಿನ ಸೋರಿಕೆಯೆಂದು ಬಗೆದು ಗಾರೆ ಬಳಿಸುವವರು ಉಳಿದ ಸಂದನ್ನೂ ಕಳೆದುಕೊಳ್ಳುವರು.

ಪರಿಹಾರಕ್ಕೆ ಹೆಚ್ಚು ವೆಚ್ಚವಿಲ್ಲ. ಕೂಡುವ ಎಡೆಯ ಕೆಳಗೆ, ಗೋಡೆಯ ತಲೆಯಲ್ಲಿ, ಪಕಾಸಿಗಳ ನಡುವೆ ಕಿಂಡಿಗಳನ್ನು ಬಿಡಿಸತಕ್ಕದ್ದು. ಜಗಲಿಗೆ ಹಲಗೆಯ ಮುಚ್ಚಿಗೆಯಿದ್ದರೆ ಅದರ ಹೊರಸೂರಿನಲ್ಲಿಯೂ ಸಂದು ಬೇಕು; ಇಲ್ಲವಾದರೆ ಒಳಗಿನ ಕಿಂಡಿ ನಿಷ್ಫಲ. ಬಿಸಿಗಾಳಿ ಹೊರಡಲು ಮಾಡಿನ ನೆತ್ತಿಯ ಬಳಿ, ಮುಕ್ಕೋನದ ಗೋಡೆಯಲ್ಲಿ, ಮತ್ತೊಂದು ಕಿಂಡಿಯಿರಬೇಕು. ಇಲಿ ನುಗ್ಗದಂತೆ ಎಲ್ಲಕ್ಕೂ ಕಾಲು ಅಂಗುಲ ಕಣ್ಣಿನ ತಂತಿಬಲೆ ಹೊಡೆಸಬೇಕು.

ಹಸಿ ಬತ್ತಕ್ಕೆ ಗಾಳಿಯೊಂದೇ ಸಾಲದು. ತೇವವು 100ಕ್ಕೆ 12 ಪಾಲಿಗೆ ಇಳಿಯುವಂತೆ ಒಣಗಿಸಿಯೇ ಅಟ್ಟಕ್ಕೇರಿಸತಕ್ಕದ್ದು. ಜಡಿಮಳೆಯಲ್ಲಿ ಹೊರಗಾಳಿಯೇ ತೇವವಾದುದರಿಂದ ಕಿಂಡಿಗಳಿಗೆ ಹಲಗೆ ಮುಚ್ಚಿ, ಹೊಳವಾದ ದಿನ ತೆರೆಯುವುದು ಲೇಸು.