ಗಾಲಿಯ ಮೇಲಿನ ಮನೆ, ಮರುಭೂಮಿಯ ಬಿಸಿಲು

ಅಮೆರಿಕದ ಅರಿಜೋನಾ ರಾಜ್ಯದ ಪಶ್ಚಿಮ ಅಂಚಿನಲ್ಲಿ ಕ್ವಾರ್ಟ್ಜ್‌ಸೈಟ್ ಎಂಬ ಸಣ್ಣ ಊರಿದೆ. ಅದರ ಸುತ್ತಲಿನ ಮರಳುಗಾಡು ಚಳಿಗಾಲದಲ್ಲಿ ಮೋಟರ್‌ಹೋಮ್‌ಗಳಿಂದ ತುಂಬಿಹೋಗುತ್ತದೆ. ಹಾಸಿಗೆ, ಒಲೆ, ಶೌಚಾಲಯಗಳನ್ನೆಲ್ಲ ಒಳಗೊಂಡ ಈ ಗಾಲಿಮನೆಗಳಲ್ಲಿ ಉತ್ತರದ ಹಿಮದಿಂದ ತಪ್ಪಿಸಿಕೊಂಡು ಬಂದವರು ತಿಂಗಳುಗಟ್ಟಲೆ ನೆಲೆಸುತ್ತಾರೆ. ಸರ್ಕಾರಿ ಭೂಮಿಯಲ್ಲಿ ಅವರ ದೀರ್ಘವಾಸಕ್ಕೆ ಮೀಸಲಾದ ಅವಧಿ ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ. ಆಮೇಲೆ ಬಯಲು ಬರಿದಾಗುತ್ತದೆ. ಆದರೆ ಆ ಸೀಮೆಯಿಂದ ಎಲ್ಲರೂ ಹೊರಡಲಾರರು. ಕೆಲವರ ದುಡಿಮೆ ಅಲ್ಲಿಯೇ ಇದೆ. ಇನ್ನು ಕೆಲವರಿಗೆ ಆ ವಾಹನ ಬಿಟ್ಟರೆ ಬೇರೆ ಮನೆಯೇ ಇಲ್ಲ. ಗಾಳಿಯೇ 45 ಡಿಗ್ರಿ ಸೆಲ್ಸಿಯಸ್ ಮುಟ್ಟುವ ದಿನಗಳಲ್ಲಿ ಇಂಥ ಪೆಟ್ಟಿಗೆಯೊಳಗೆ ಬದುಕುವುದು ಭೌತವಿಜ್ಞಾನದ ಕಠಿಣ ಪರೀಕ್ಷೆಯೇ ಸರಿ.

ಮರುಭೂಮಿಯಲ್ಲಿ ತಲೆಮಾರುಗಳಿಂದ ಬಾಳಿದವರು ದಪ್ಪನೆಯ ಹಸಿಮಣ್ಣಿನ ಇಟ್ಟಿಗೆಯಿಂದ ಗೋಡೆ ಕಟ್ಟಿದರು. ಹೊರಮೈಗೆ ಬಿದ್ದ ಬಿಸಿಲಿನ ಶಾಖ ಅಂಥ ಗೋಡೆಯನ್ನು ದಾಟಲು ಹಲವು ಗಂಟೆ ಬೇಕು. ಅಷ್ಟರಲ್ಲಿ ಹೊತ್ತು ಮುಳುಗಿ ಹೊರಗಿನ ಗಾಳಿ ತಣಿದಿರುತ್ತದೆ. ಎಂಜಿನ್ನು ಹೊತ್ತು ಸಾಗಬೇಕಾದ ಮನೆಗೆ ಆ ಭಾರದ ಭಾಗ್ಯವಿಲ್ಲ. ಹೊರಗೊಂದು ಫೈಬರ್‌ಗ್ಲಾಸ್ ಹಾಳೆ, ಒಳಗೊಂದು ತೆಳು ಹಲಗೆ, ನಡುವೆ ಕೆಲವೇ ಸೆಂಟಿಮೀಟರ್ ದಪ್ಪದ ಫೋಮು, ಇಷ್ಟೇ ಅದರ ಗೋಡೆ. ಫೋಮು ಒಳ್ಳೆಯ ಶಾಖನಿರೋಧಕವೇ ಹೌದು. ಆದರೆ ಅದನ್ನು ಹಿಡಿದಿರುವ ಅಲ್ಯೂಮಿನಿಯಂ ಚೌಕಟ್ಟು ಅದಕ್ಕಿಂತ ಸಾವಿರಾರು ಪಟ್ಟು ಸಲೀಸಾಗಿ ಶಾಖವನ್ನು ಸಾಗಿಸುತ್ತದೆ. ಹೀಗಾಗಿ ಪ್ರತಿ ಪಟ್ಟಿಯೂ ಹೊರಗಿನ ಶಾಖ ಒಳಗೆ ನಡೆದುಬರುವ ಸೇತುವೆಯಾಗುತ್ತದೆ.

ನಿರಭ್ರ ಮಧ್ಯಾಹ್ನದಲ್ಲಿ ಸೂರ್ಯನಿಗೆ ಎದುರಾದ ಪ್ರತಿ ಚದರ ಮೀಟರಿನ ಮೇಲೂ ಸುಮಾರು 1,000 ವಾಟ್ ಶಕ್ತಿ ಸುರಿಯುತ್ತದೆ. ಜೂನ್ ಕೊನೆಯಲ್ಲಿ ಆ ಸೀಮೆಯ ಸೂರ್ಯ ನಡುಹಗಲು 80 ಡಿಗ್ರಿ ಎತ್ತರದಲ್ಲಿರುವುದರಿಂದ ಪೆಟ್ಟನ್ನು ಹೆಚ್ಚಾಗಿ ತಿನ್ನುವುದು ಚಾವಣಿ. ಹತ್ತು ಮೀಟರ್ ಉದ್ದ, ಎರಡೂವರೆ ಮೀಟರ್ ಅಗಲದ ಚಾವಣಿಯ ಮೇಲೆ ಬೀಳುವ ಶಕ್ತಿ ಸುಮಾರು 25 ಕಿಲೋವಾಟ್. ಅದೇ ಚಾವಣಿಯ ಮೇಲೆ ಕೂರಿಸಿದ 13,500 ಬಿಟಿಯು ಹವಾನಿಯಂತ್ರಕ ಒಳಗಿನಿಂದ ಹೊರಹಾಕಬಲ್ಲ ಶಾಖ ಸುಮಾರು ನಾಲ್ಕು ಕಿಲೋವಾಟ್ ಮಾತ್ರ. ಬಿದ್ದದ್ದೆಲ್ಲ ಒಳಗೆ ಇಳಿಯುವುದಿಲ್ಲ, ನಿಜ. ಆದರೂ ಈ ಎರಡು ಅಂಕಿಗಳ ನಡುವಿನ ಅಂತರವೇ ಮುಂದಿನ ಎಲ್ಲ ಉಪಾಯಗಳಿಗೆ ಮೂಲ. ಒಳಗೆ ಬಂದ ಶಾಖವನ್ನು ಹೊರದೂಡುವುದಕ್ಕಿಂತ ಹೊರಗೇ ತಡೆಯುವುದು ಸುಲಭ.

ಚಾವಣಿಗೆ ಹಚ್ಚುವ ಬಿಳಿ ಲೇಪನದ ಗುಣ ಇಲ್ಲಿ ಗಮನಾರ್ಹ. ಹೊಳೆಯುವ ಬರಿಯ ಅಲ್ಯೂಮಿನಿಯಂ ಕೂಡ ಬಿಸಿಲನ್ನು ಪ್ರತಿಫಲಿಸುತ್ತದೆ, ಆದರೆ ಹೀರಿಕೊಂಡ ಅಲ್ಪ ಶಾಖವನ್ನು ಅವಕೆಂಪು ವಿಕಿರಣವಾಗಿ ಬಿಟ್ಟುಕೊಡುವುದರಲ್ಲಿ ಅದು ಬಹಳ ಜಿಪುಣ. ಆದ್ದರಿಂದಲೇ ಬಿಸಿಲಿನಲ್ಲಿ ಅದು ಮುಟ್ಟಲಾಗದಷ್ಟು ಕಾಯುತ್ತದೆ. ಬಿಳಿ ಬಣ್ಣ ಎರಡನ್ನೂ ಮಾಡುತ್ತದೆ: ಬೆಳಕನ್ನು ಹಿಂದಿರುಗಿಸುತ್ತದೆ, ಶಾಖವನ್ನು ಆಕಾಶಕ್ಕೆ ಬಿಟ್ಟುಕೊಡುತ್ತದೆ. ಕಿಟಕಿಗಳಿಗೂ ಇದೇ ತರ್ಕ. ಗಾಜನ್ನು ದಾಟಿದ ಬೆಳಕು ಒಳಗಿನ ಪರದೆಗೆ ತಾಗಿ ಶಾಖವಾದರೆ, ಆ ಶಾಖದ ಬಹುಪಾಲು ಒಳಗೇ ಉಳಿಯುತ್ತದೆ. ಅದೇ ಪರದೆಯನ್ನು ಗಾಜಿನ ಹೊರಗೆ ಕಟ್ಟಿದರೆ ಕಾಯುವುದು ಪರದೆ, ತಣಿಸುವುದು ಬೀಸುಗಾಳಿ.

ಕಟ್ಟಿದ ಮನೆಗಿಲ್ಲದ ಒಂದು ಅನುಕೂಲ ಈ ಮನೆಗಿದೆ: ಇದು ತಿರುಗಬಲ್ಲದು. ಬೇಸಿಗೆಯಲ್ಲಿ ಗೋಡೆಗಳಿಗೆ ನೇರವಾಗಿ ಹೊಡೆಯುವುದು ಬೆಳಗಿನ ಮತ್ತು ಸಂಜೆಯ ಓರೆ ಬಿಸಿಲು. ವಾಹನವನ್ನು ಪೂರ್ವ-ಪಶ್ಚಿಮವಾಗಿ ನಿಲ್ಲಿಸಿದರೆ ಆ ಬಿಸಿಲಿಗೆ ಸಿಗುವುದು ಕಿರಿದಾದ ಎರಡು ತುದಿಗಳಷ್ಟೇ. ಮುಂಭಾಗದ ದೊಡ್ಡ ಗಾಜು ಪೂರ್ವಕ್ಕಿದ್ದರೆ, ಗಾಳಿ ಇನ್ನೂ ತಂಪಾಗಿರುವಾಗಲೇ ಅದರ ಸರದಿ ಮುಗಿಯುತ್ತದೆ.

ಹವಾನಿಯಂತ್ರಕಕ್ಕೂ ಮಿತಿಗಳಿವೆ. ಅದು ತಂಪನ್ನು ಸೃಷ್ಟಿಸುವುದಿಲ್ಲ, ಒಳಗಿನ ಶಾಖವನ್ನೆತ್ತಿ ಹೊರಗಿನ ಗಾಳಿಗೆ ಒಪ್ಪಿಸುತ್ತದೆ. ಕಾದ ಚಾವಣಿಯ ಮೇಲಿನ ಗಾಳಿಯೇ 50 ಡಿಗ್ರಿಯಾಗಿದ್ದರೆ ಆ ಒಪ್ಪಿಸುವಿಕೆಯೇ ಕಷ್ಟ. ಮೇಲಾಗಿ, 30 ಆಂಪಿಯರಿನ ಸಂಪರ್ಕದಲ್ಲಿ 120 ವೋಲ್ಟಿಗೆ ಸಿಗುವುದು 3,600 ವಾಟ್ ಮಾತ್ರ. ಎರಡು ಯಂತ್ರಗಳನ್ನು ಒಟ್ಟಿಗೆ ನಡೆಸುವುದು ಅದಕ್ಕೆ ಹೆಚ್ಚೂಕಡಿಮೆ ಮೀರಿದ ಹೊರೆ. ಅನುಭವಿಗಳು ಹವಾನಿಯಂತ್ರಕವನ್ನು ಮಧ್ಯಾಹ್ನದ ಬೇಗೆಗೆ ಕಾಯದೆ ಬೆಳಿಗ್ಗೆಯೇ ಚಾಲೂ ಮಾಡುತ್ತಾರೆ. ಒಮ್ಮೆ ಕಾದ ಹಾಸಿಗೆ, ಕಪಾಟು, ನೆಲಗಳನ್ನು ತಣಿಸುವಷ್ಟು ಬಲ ಆ ಯಂತ್ರಕ್ಕೆ ಆಮೇಲೆ ಉಳಿಯುವುದಿಲ್ಲ.

ಸುಡುವ ಒಣಹವೆಯೇ ತಂಪಿನ ದಾರಿಯನ್ನೂ ತೆರೆಯುತ್ತದೆ ಎಂಬುದು ನನಗೆ ಈ ವಿಷಯದಲ್ಲಿ ಅತ್ಯಂತ ವಿಸ್ಮಯದ ಸಂಗತಿ. ಒಂದು ಲೀಟರ್ ನೀರು ಆವಿಯಾಗುವಾಗ ಸುಮಾರು 2,400 ಕಿಲೋಜೂಲ್ ಗುಪ್ತೋಷ್ಣವನ್ನು ಸುತ್ತಲಿನ ಗಾಳಿಯಿಂದ ಹೀರುತ್ತದೆ. ಗಾಳಿ 43 ಡಿಗ್ರಿ, ಸಾಪೇಕ್ಷ ಆರ್ದ್ರತೆ ಶೇ 10 ಇದ್ದಾಗ ಒದ್ದೆ ಮೆತ್ತೆಯ ಮೂಲಕ ಹಾದುಬಂದ ಗಾಳಿ 25 ಡಿಗ್ರಿಯ ಆಸುಪಾಸಿಗೆ ಇಳಿಯಬಲ್ಲದು. ಕಲಬುರಗಿ, ರಾಯಚೂರಿನ ಬೇಸಿಗೆಗೆ ಒಗ್ಗಿದ ಕೂಲರ್ ಇದೇ ತತ್ವದ್ದು. ಅದಕ್ಕೆ ಬೇಕಾದ ವಿದ್ಯುತ್ತು ಒಂದು ಫ್ಯಾನಿನಷ್ಟು, ಒಂದು ಪುಟ್ಟ ಪಂಪಿನಷ್ಟು. ರಾತ್ರಿಯೂ ಒಣಹವೆ ನೆರವಿಗೆ ಬರುತ್ತದೆ: ನೀರಾವಿ ಕಡಿಮೆಯಿರುವ ಆಕಾಶದ ಮೂಲಕ ಚಾವಣಿಯ ಅವಕೆಂಪು ವಿಕಿರಣ ಹೆಚ್ಚಿನ ತಡೆಯಿಲ್ಲದೆ ಹೊರಟುಹೋಗುತ್ತದೆ, ಹಗಲಲ್ಲಿ ಶಾಪವಾಗಿದ್ದ ಹಗುರ ಮೈ ಆಗ ಬೇಗನೆ ತಣಿಯುತ್ತದೆ. ಆದರೆ ಜುಲೈನಲ್ಲಿ ಅರಿಜೋನಾಕ್ಕೂ ಮಾನ್ಸೂನ್ ತೇವ ಬರುತ್ತದೆ. ಆರ್ದ್ರತೆ ಶೇ 35ಕ್ಕೇರಿದರೆ ಅದೇ ಕೂಲರ್ 40 ಡಿಗ್ರಿಯ ಗಾಳಿಯನ್ನು 30ರ ಸುತ್ತಮುತ್ತ ತಂದು ನಿಲ್ಲಿಸುತ್ತದೆ, ಜೊತೆಗೆ ಮೈಯ ಬೆವರೂ ಆರುವುದಿಲ್ಲ. ಮೋಡ ಕವಿದ ರಾತ್ರಿ ಆಕಾಶದ ಕಿಟಕಿಯೂ ಮುಚ್ಚಿಕೊಳ್ಳುತ್ತದೆ.

ಆಗ ಉಳಿಯುವ ದೊಡ್ಡ ಉಪಾಯ ಎತ್ತರ. ಮೇಲೇರುವ ಒಣಗಾಳಿ ಹಿಗ್ಗಿ, ಪ್ರತಿ ಕಿಲೋಮೀಟರಿಗೆ ಹತ್ತು ಡಿಗ್ರಿಯ ಸಮೀಪ ತಣಿಯುತ್ತದೆ. ಅದೇ ರಾಜ್ಯದ, ಸುಮಾರು 330 ಮೀಟರ್ ಎತ್ತರದ ಫೀನಿಕ್ಸ್ ನಗರದಿಂದ 2,100 ಮೀಟರ್ ಎತ್ತರದ ಫ್ಲ್ಯಾಗ್‌ಸ್ಟಾಫಿಗೆ ಹೋದರೆ ಜುಲೈ ಮಧ್ಯಾಹ್ನ ಹತ್ತು ಡಿಗ್ರಿಗೂ ಹೆಚ್ಚು ತಂಪು. ಅಲ್ಲಿ ಪೈನ್ ಕಾಡಿದೆ, ನೆರಳಿದೆ.

2023ರ ಬೇಸಿಗೆಯಲ್ಲಿ ಫೀನಿಕ್ಸ್ ಸತತ 31 ದಿನ 43.3 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚಿನ ಉಷ್ಣತೆಯನ್ನು ಕಂಡಿತು. ಆ ನಗರವಿರುವ ಮಾರಿಕೋಪಾ ಕೌಂಟಿಯಲ್ಲಿ ಆ ವರ್ಷ ಶಾಖಕ್ಕೆ ಸಂಬಂಧಿಸಿದ ಸಾವುಗಳು 645. ಬೆಟ್ಟ ಹತ್ತಲು ತೈಲಕ್ಕೆ ಹಣವಿಲ್ಲದವರಿಗೆ, ಗಾಲಿಗಳಿದ್ದೂ ಎಂದೋ ನಿಂತುಹೋದ ಮನೆಗಳಲ್ಲಿ ಇರುವವರಿಗೆ, ಹೊರಗಿನ ನೆರಳು ಮತ್ತು ಕೆಡದ ಯಂತ್ರ ಎರಡೂ ಪ್ರಾಣದ ಪ್ರಶ್ನೆ. 2024ರಲ್ಲಿ ಅರಿಜೋನಾ ಒಂದು ಕಾನೂನು ಮಾಡಿತು: ಮೊಬೈಲ್ ಹೋಮ್ ಬಡಾವಣೆಗಳ ಮಾಲೀಕರು ಅಲ್ಲಿನ ನಿವಾಸಿಗಳು ತಂಪಿನ ಸಾಧನ ಅಳವಡಿಸಿಕೊಳ್ಳುವುದನ್ನು ಇನ್ನು ತಡೆಯುವಂತಿಲ್ಲ.