ನೆಲ, ಭಾರ ಮತ್ತು ಗಾಲಿ: ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯ ವಾಹನಗಳಲ್ಲಿ ಟೈರಿನ ಆಯ್ಕೆ

ರಾಜವಂಶಗಳ ಮತ್ತು ಶಾಸನಗಳ ಅಧ್ಯಯನದಲ್ಲಿ ನಮ್ಮ ಇತಿಹಾಸಕಾರರು ತೋರಿದ ಶ್ರದ್ಧೆಯು ಜನರ ನಿತ್ಯೋಪಯೋಗದ ಸಾಧನಗಳ ವಿಷಯದಲ್ಲಿ ಅಷ್ಟಾಗಿ ಕಂಡುಬರುವುದಿಲ್ಲ. ಹಾನಗಲ್ಲಿನ ಕದಂಬರನ್ನು ಕುರಿತೂ ಸವಣೂರಿನ ನವಾಬರನ್ನು ಕುರಿತೂ ನಾವು ಸಾಕಷ್ಟು ಬಲ್ಲೆವು. ಅವರ ಪ್ರಜೆಗಳು ಬೆಳೆದ ದವಸವು ಯಾವ ಬಗೆಯ ಗಾಲಿಯ ಮೇಲೆ ಪೇಟೆಗೆ ಸಾಗಿತೆಂಬುದನ್ನು ಕೇಳಿದವರು ವಿರಳ. ಗಾಲಿಯ ಆಯ್ಕೆಯಾದರೋ ಕ್ಷುಲ್ಲಕ ಸಂಗತಿಯಲ್ಲ. ಎತ್ತಿನ ಹೆಗಲು, ರೈತನ ಖರ್ಚು, ದಾರಿಯ ಸ್ಥಿತಿ, ಕೆಲವೊಮ್ಮೆ ಮನುಷ್ಯನ ಪ್ರಾಣ ಕೂಡ ಅದನ್ನು ಅವಲಂಬಿಸಿರುತ್ತವೆ.

ಈ ನಾಲ್ಕು ತಾಲ್ಲೂಕುಗಳಲ್ಲಿ ಭಾರ ಎಳೆಯುವ ವಾಹನಗಳಿಗೆ, ಎಂದರೆ ಚಕ್ಕಡಿಗೆ, ಟ್ರಾಕ್ಟರಿಗೆ, ಈಚೆಗೆ ನಾಲ್ಕೂ ಚಕ್ರಗಳಿಗೆ ಎಂಜಿನಿನ ಬಲ ಹರಿಯುವ ಜೀಪಿನಂಥ ಮೋಟಾರಿಗೆ, ತಕ್ಕ ಗಾಲಿಯನ್ನು ಆರಿಸುವ ಕ್ರಮವನ್ನು ಪ್ರಕೃತ ಲೇಖನದಲ್ಲಿ ವಿವೇಚಿಸಲು ಯತ್ನಿಸುತ್ತೇವೆ. ನಮ್ಮ ಪ್ರತಿಪಾದನೆ ಇಷ್ಟೆ: ಎಲ್ಲ ನೆಲಕ್ಕೂ ಸಮನಾಗಿ ಒಪ್ಪುವ ಗಾಲಿಯೆಂಬುದು ಇಲ್ಲ. ನೆಲ ಯಾವುದು, ಹಿಂದೆ ಎಳೆಯುವ ಭಾರವೆಷ್ಟು, ಪ್ರಯಾಣದಲ್ಲಿ ಗಟ್ಟಿ ರಸ್ತೆಯ ಪಾಲೆಷ್ಟು ಎಂಬ ಮೂರು ಪ್ರಶ್ನೆಗಳಿಗೆ ದೊರೆಯುವ ಉತ್ತರವೇ ಗಾಲಿಯನ್ನು ನಿರ್ಣಯಿಸಬೇಕು.

೧. ನೆಲದ ಸ್ವರೂಪ

೧೮೮೪ರಲ್ಲಿ ಪ್ರಕಟವಾದ ಮುಂಬಯಿ ಗ್ಯಾಝೆಟಿಯರಿನ ಧಾರವಾಡ ಸಂಪುಟದಲ್ಲಿ ಇಂದಿನ ಶಿಗ್ಗಾಂವಿ ಭಾಗವು ಬಂಕಾಪುರ ತಾಲ್ಲೂಕೆಂದೂ ಹಿರೇಕೆರೂರು ಭಾಗವು ಕೋಡ ತಾಲ್ಲೂಕೆಂದೂ ಉಲ್ಲೇಖಗೊಂಡಿವೆ. ಸವಣೂರು ೧೯೪೮ರ ವರೆಗೆ ನವಾಬರ ಸಂಸ್ಥಾನವಾಗಿತ್ತು. ೧೯೫೬ರಲ್ಲಿ ಈ ಸೀಮೆಯೆಲ್ಲ ಧಾರವಾಡ ಜಿಲ್ಲೆಯೊಡನೆ ಮೈಸೂರು ರಾಜ್ಯವನ್ನು ಸೇರಿತು. ೧೯೯೭ರಲ್ಲಿ ಹಾವೇರಿ ಜಿಲ್ಲೆಯ ಅಂಗವಾಯಿತು.

ಆಡಳಿತದ ಎಲ್ಲೆಗಳು ಹೀಗೆ ಬದಲಾದರೂ ನೆಲದ ಎಲ್ಲೆಗಳು ಬದಲಾಗಲಿಲ್ಲ. ಪಶ್ಚಿಮದ ಹಾನಗಲ್ಲು ಮಲೆನಾಡಿನ ಸೆರಗು. ಕೆರೆಗಳೂ ಧರ್ಮಾ ನದಿಯ ಕಾಲುವೆಯೂ ಅಲ್ಲಿ ಭತ್ತದ ಗದ್ದೆಗಳನ್ನು ಪೋಷಿಸಿವೆ. ಪೂರ್ವದ ಸವಣೂರಿನ ಕಡೆ ಮಳೆ ಕಡಿಮೆಯಾಗಿ ಎರೆಭೂಮಿ ಕಾಣತೊಡಗುತ್ತದೆ. ಶಿಗ್ಗಾಂವಿ ಇವೆರಡರ ನಡುವಣ ಸಂಧಿಭೂಮಿ. ದಕ್ಷಿಣದ ಹಿರೇಕೆರೂರಿನಲ್ಲಿ ಕುಮುದ್ವತಿಯ ಆಸುಪಾಸಿನ ಏರುತಗ್ಗಿನ ನೆಲವುಂಟು, ಕೆಂಪು ಮಸಾರಿಯುಂಟು.

ಎರೆಯ ಮಣ್ಣಿನಲ್ಲಿ ನೀರು ಹೀರಿ ಹಿಗ್ಗುವ ಜೇಡಿಯ ಅಂಶ ಹೇರಳವಾಗಿದೆ. ಬೇಸಗೆಯಲ್ಲಿ ಅದು ಬಿರಿದು ಕಲ್ಲಿನಂತಾಗುತ್ತದೆ. ಮಳೆ ಬಿದ್ದೊಡನೆ ಅಂಟಾಗಿ, ಉರುಳುವ ಗಾಲಿಗೆ ಮೆತ್ತಿಕೊಂಡು ಪದರಪದರವಾಗಿ ಬೆಳೆಯುತ್ತದೆ. ಮಸಾರಿಯಲ್ಲಿ ಮರಳು ಮತ್ತು ಗರಸಿನ ಅಂಶವಿರುವುದರಿಂದ ನೀರು ಬೇಗ ಇಳಿದು ಗಾಲಿಗೆ ಹಿಡಿತ ದೊರೆಯುತ್ತದೆ. ಗದ್ದೆಯ ಕೆಸರಿನ ರೀತಿಯೇ ಬೇರೆ: ಮೇಲೆ ನೀರು ಮತ್ತು ರಾಡಿ, ಕೆಳಗೆ ಗಟ್ಟಿಯಾದ ತಳ. ಒಂದೇ ದಿನದ ಪ್ರಯಾಣದಲ್ಲಿ ಈ ಮೂರನ್ನೂ, ಶಿಗ್ಗಾಂವಿ–ಬಂಕಾಪುರಗಳ ಮಗ್ಗುಲಲ್ಲಿ ಹಾಯುವ ಪುಣೆ–ಬೆಂಗಳೂರು ಹೆದ್ದಾರಿಯನ್ನೂ ಕಾಣಬಹುದಾದ್ದರಿಂದ ಈ ಸೀಮೆಯು ನಮ್ಮ ವಿಚಾರಕ್ಕೆ ಉತ್ತಮ ನಿದರ್ಶನವಾಗಿದೆ.

೨. ಹೇರೆತ್ತಿನಿಂದ ಹಳಿಯ ಗಾಲಿಗೆ

ಕಟ್ಟಿದ ರಸ್ತೆಗಳು ಬರುವ ಮುನ್ನ ದೂರದ ಸಾಗಾಟವು ಬಹುಮಟ್ಟಿಗೆ ಗಾಲಿಯನ್ನೇ ಅವಲಂಬಿಸಿರಲಿಲ್ಲ. ಲಂಬಾಣಿಗರು ಎತ್ತುಗಳ ಬೆನ್ನ ಮೇಲೆ ಉಪ್ಪು ಮತ್ತು ದವಸವನ್ನು ಹೇರಿಕೊಂಡು ಹಿಂಡುಹಿಂಡಾಗಿ ಸಾಗುತ್ತಿದ್ದರು. ೧೮೦೦ರ ಮಳೆಗಾಲದಲ್ಲಿ ಧೋಂಡಿಯ ವಾಘನನ್ನು ಬೆನ್ನಟ್ಟಿ ರಾಣೆಬೆನ್ನೂರು, ಸವಣೂರುಗಳ ಮಾರ್ಗವಾಗಿ ನಡೆದ ಆರ್ಥರ್ ವೆಲ್ಲೆಸ್ಲಿಯ ಸೈನ್ಯ ಕೂಡ ಅಕ್ಕಿಗಾಗಿ ಈ ಹೇರೆತ್ತುಗಳನ್ನೇ ನೆಚ್ಚಿತ್ತು. ತುಂಬಿದ ಹೊಳೆ, ನೆನೆದ ಎರೆ ಇವುಗಳ ಮುಂದೆ ಕಾಲಿಗಿಂತ ಗಾಲಿ ದುರ್ಬಲವೆಂಬುದೇ ಈ ವ್ಯವಸ್ಥೆಯ ಕಾರಣ. ಇಂಥ ಸಾಲಿಗೆ ಪಾರಸಿ ಭಾಷೆಯಲ್ಲಿ ಕಾರವಾನ್ ಎಂದು ಹೆಸರು. ಅದೇ ಶಬ್ದವು ಇಂಗ್ಲಿಷಿನ ಮೂಲಕ ಇಂದು ಮೋಟಾರಿನ ಹಿಂದೆ ಎಳೆಯುವ ಮನೆಗಾಡಿಗೂ ಸಲ್ಲುತ್ತಿದೆ.

ಊರಿನಿಂದ ಹೊಲಕ್ಕೆ, ಹೊಲದಿಂದ ಸಂತೆಗೆ ನಡೆಯುತ್ತಿದ್ದ ಸಮೀಪದ ಸಾಗಾಟಕ್ಕೆ ಚಕ್ಕಡಿಯೇ ಆಧಾರವಾಗಿತ್ತು. ಅದರ ಗಾಲಿಯಲ್ಲಿ ನಡುವೆ ಗುಂಬ, ಅದರಿಂದ ಹೊರಟ ಅರಗಳು, ಅವುಗಳ ತುದಿಯಲ್ಲಿ ವೃತ್ತವಾಗಿ ಜೋಡಿಸಿದ ಬಾಗುಮರದ ತುಂಡುಗಳು, ಎಲ್ಲವನ್ನೂ ಬಿಗಿಯುವ ಕಬ್ಬಿಣದ ಹಳಿ ಇರುತ್ತವೆ. ಹಳಿಯನ್ನು ಮರದ ಸುತ್ತಳತೆಗಿಂತ ತುಸು ಕಿರಿದಾಗಿ ಬೆಸೆದು, ಕೆಂಪಗೆ ಕಾಯಿಸಿ, ಹಿಗ್ಗಿದಾಗ ಗಾಲಿಗೆ ತೊಡಿಸಿ ನೀರೆರೆಯುತ್ತಾರೆ. ತಣಿದು ಕುಗ್ಗಿದ ಹಳಿಯು ಎಲ್ಲ ಕೀಲುಗಳನ್ನೂ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಬಡಿಗನ ಅಳತೆ ಮತ್ತು ಕಮ್ಮಾರನ ಅಳತೆ ಕೂಡಿಬಂದಲ್ಲದೆ ಈ ಕೆಲಸವು ಸಿದ್ಧಿಸದು.

ಹಳಿಯ ಗಾಲಿಯ ಗುಣವು ಅದರ ಎತ್ತರದಲ್ಲಿಯೂ ಕಿರಿದಾದ ಅಂಚಿನಲ್ಲಿಯೂ ಅಡಗಿದೆ. ಎತ್ತರದ ಗಾಲಿಯು ಹೆಂಟೆ, ಬದುಗಳನ್ನು ಸುಲಭವಾಗಿ ಏರಿ ಇಳಿಯುತ್ತದೆ. ಕಿರಿದಾದ ಅಂಚಿಗೆ ಎರೆಯ ಮಣ್ಣು ಹೆಚ್ಚು ಮೆತ್ತುವುದಿಲ್ಲ. ದೋಷವೂ ಅಲ್ಲಿಯೇ ಇದೆ. ಉದಾಹರಣೆಗಾಗಿ, ಹೇರು ಸಹಿತ ೧೦೦೦ ಕಿಲೋಗ್ರಾಂ ತೂಗುವ ಬಂಡಿಯ ಒಂದೊಂದು ಗಾಲಿಯ ಮೇಲೆ ೫೦೦ ಕಿಲೋಗ್ರಾಂ ಬೀಳುತ್ತದೆನ್ನೋಣ. ೫ ಸೆಂಟಿಮೀಟರ್ ಅಗಲದ ಹಳಿಯು ಮೆತ್ತನೆಯ ನೆಲದಲ್ಲಿ ೧೦ ಸೆಂಟಿಮೀಟರ್ ಉದ್ದಕ್ಕೆ ಊರಿದರೆ, ಪ್ರತಿ ಚದರ ಸೆಂಟಿಮೀಟರಿಗೆ ೧೦ ಕಿಲೋಗ್ರಾಂ ಒತ್ತಡವುಂಟಾಗುತ್ತದೆ. ಗಟ್ಟಿ ರಸ್ತೆಯಲ್ಲಿ ಊರುವ ಜಾಗ ಇನ್ನೂ ಕಿರಿದಾಗುವುದರಿಂದ ಒತ್ತಡ ಹಲವು ಪಟ್ಟು ಏರಿ, ಜಲ್ಲಿಯು ಪುಡಿಯಾಗುತ್ತದೆ. ೧೯೨೭ರಲ್ಲಿ ಎಂ. ಆರ್. ಜಯಕರ್ ಅವರ ಅಧ್ಯಕ್ಷತೆಯಲ್ಲಿ ನೇಮಕಗೊಂಡ ರಸ್ತೆ ಅಭಿವೃದ್ಧಿ ಸಮಿತಿಯ ಕಾಲದಿಂದ, ೧೯೩೪ರಲ್ಲಿ ಸ್ಥಾಪನೆಯಾದ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಕಾಲಕ್ಕೆ ಬರುವಾಗ, ಒಂದೇ ರಸ್ತೆಯಲ್ಲಿ ಮೋಟಾರನ್ನೂ ಬಂಡಿಯನ್ನೂ ನಡೆಸುವುದು ರಸ್ತೆ ಕಟ್ಟುವವರ ಪ್ರಮುಖ ಚಿಂತೆಗಳಲ್ಲೊಂದಾಗಿತ್ತು.

೩. ಗಾಳಿಯ ಟೈರು

ಗಾಳಿ ತುಂಬಿದ ರಬ್ಬರಿನ ಟೈರಿಗೆ ರಾಬರ್ಟ್ ವಿಲಿಯಂ ಥಾಮ್ಸನ್ ೧೮೪೫ರಲ್ಲಿಯೇ ಹಕ್ಕುಪತ್ರ ಪಡೆದಿದ್ದರೂ ಅದು ಬಳಕೆಗೆ ಬಂದುದು ೧೮೮೮ರಲ್ಲಿ ಜಾನ್ ಬಾಯ್ಡ್ ಡನ್ಲಪ್ ಅದನ್ನು ಮತ್ತೆ ರೂಪಿಸಿದ ಮೇಲೆ. ಭಾರತದಲ್ಲಿ ಡನ್ಲಪ್ ಕಂಪನಿಯ ಕಾರ್ಖಾನೆಯು ೧೯೩೬ರಲ್ಲಿ ಬಂಗಾಳದ ಸಾಹಾಗಂಜಿನಲ್ಲಿ ಆರಂಭವಾಯಿತು. ಟೈರಿನ ಎತ್ತಿನ ಬಂಡಿಗೆ ದೇಶದ ಹಲವೆಡೆ ಡನ್ಲಪ್ ಗಾಡಿಯೆಂಬ ಹೆಸರೇ ನಿಂತಿತು.

ಗಾಳಿಯ ಟೈರು ನೆಲಕ್ಕೆ ಕೊಡುವ ಒತ್ತಡವು ಸ್ಥೂಲವಾಗಿ ಅದರೊಳಗಿನ ಗಾಳಿಯ ಒತ್ತಡಕ್ಕೆ ಸಮಾನ. ಮೇಲಿನ ಬಂಡಿಗೇ ಪ್ರತಿ ಚದರ ಸೆಂಟಿಮೀಟರಿಗೆ ೨ ಕಿಲೋಗ್ರಾಂ ಗಾಳಿಯಿರುವ ಟೈರನ್ನು ತೊಡಿಸಿದರೆ ೫೦ರ ಬದಲು ೨೫೦ ಚದರ ಸೆಂಟಿಮೀಟರ್ ನೆಲವು ಭಾರ ಹೊರುತ್ತದೆ. ಗಟ್ಟಿ ರಸ್ತೆಯಲ್ಲಿ ಅದೇ ಜೋಡಿ ಎತ್ತುಗಳು ಹೆಚ್ಚಿನ ಹೇರನ್ನು ಕಡಿಮೆ ಶ್ರಮದಿಂದ ಎಳೆಯುತ್ತವೆ. ಆದರೆ ಎತ್ತರ ಕಡಿಮೆಯಾದ ಈ ಅಗಲಗಾಲಿಗೆ ನೆನೆದ ಎರೆ ಬೇಗ ಮೆತ್ತುತ್ತದೆ. ಜಾಲಿಯ ಮುಳ್ಳು ಅದಕ್ಕೆ ಶತ್ರು. ಇಳಿಜಾರಿನಲ್ಲಿ ಬಂಡಿಯು ಸರಾಗವಾಗಿ ಉರುಳಿ ಎತ್ತುಗಳ ಮೇಲೆಯೇ ನುಗ್ಗುತ್ತದೆ. ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆಯ ನಿರ್ದೇಶಕರಾಗಿದ್ದ ಪ್ರೊ. ಎನ್. ಎಸ್. ರಾಮಸ್ವಾಮಿಯವರು ಎತ್ತಿನ ಬಂಡಿಯ ಸುಧಾರಣೆಗಾಗಿ ಶ್ರಮಿಸಿದಾಗ ಗಾಲಿಯೊಂದನ್ನೇ ನೋಡದೆ ನೊಗದ ಭಾರವನ್ನೂ ತಡೆಯನ್ನೂ ಕೂಡಿಯೇ ವಿಚಾರಿಸಿದುದು ಇದೇ ಕಾರಣದಿಂದ.

೪. ಟ್ರಾಕ್ಟರು ಮತ್ತು ಅದರ ಟ್ರೇಲರು

ಟ್ರಾಕ್ಟರಿನ ಹಿಂಗಾಲಿಯ ಟೈರಿನಲ್ಲಿ ಬಾಣದ ತಲೆಯಂತೆ ಓರೆಯಾಗಿ ಎದ್ದ ದಪ್ಪ ಪಟ್ಟಿಗಳಿರುತ್ತವೆ. ಅವು ನೆಲಕ್ಕೆ ಊರಿ ಎಳೆಯುತ್ತವೆ, ಉರುಳುವಾಗ ಮಣ್ಣನ್ನು ಅಂಚಿನತ್ತ ತಳ್ಳಿ ಹೊರಗೆ ಬಿಡುತ್ತವೆ. ಟೈರನ್ನು ತಿರುವುಮುರುವಾಗಿ ಜೋಡಿಸಿದರೆ ಈ ಗುಣವು ಕೆಡುತ್ತದೆ. ಗದ್ದೆಗಾಗಿ ಪಟ್ಟಿಗಳು ಇನ್ನೂ ಆಳವಾಗಿರುವ ಟೈರುಗಳುಂಟು; ಹಲವರು ಕೇಜ್‌ವ್ಹೀಲ್ ಎಂದು ಕರೆಯುವ ಕಬ್ಬಿಣದ ಪಂಜರಗಾಲಿಯನ್ನು ಜೋಡಿಸಿಕೊಳ್ಳುತ್ತಾರೆ. ಗದ್ದೆಯಲ್ಲಿ ಮಿತ್ರನಾದ ಈ ಗಾಲಿಯೇ ಡಾಂಬರು ರಸ್ತೆಗೆ ಬಂದರೆ ಅದನ್ನು ಸೀಳಿಹಾಕುತ್ತದೆ. ಒಂದು ಕಾಲದಲ್ಲಿ ಹಳಿಯ ಮೇಲೆ ಹೊರಿಸಿದ್ದ ಆಪಾದನೆ ಹೀಗೆ ಹೊಸ ರೂಪದಲ್ಲಿ ಮರಳಿದೆ.

ಟ್ರೇಲರಿನ ಗಾಲಿ ಎಳೆಯುವುದಿಲ್ಲ, ಹೊರುತ್ತದೆ, ಉರುಳುತ್ತದೆ. ಆದುದರಿಂದ ಅದಕ್ಕೆ ಉರುಳುವ ದಿಕ್ಕಿಗೆ ಸಮಾನಾಂತರವಾದ ಗೀರುಗಳ, ಭಾರ ಹೊರಬಲ್ಲ ಟೈರು ಯುಕ್ತ. ಎರಡು ಗಾಲಿಯ ಟ್ರೇಲರಿನಲ್ಲಿ ಹೇರು ಮುಂದಕ್ಕೆ ಅತಿಯಾದರೆ ಟ್ರಾಕ್ಟರಿನ ಮುಂಗಾಲಿಗಳು ಹಗುರಾಗಿ ತಿರುವು ಕೈಗೆಟುಕುವುದಿಲ್ಲ. ಹಿಂದಕ್ಕೆ ಅತಿಯಾದರೆ ಹಿಂಗಾಲಿಗಳು ಹಗುರಾಗಿ ಹಿಡಿತ ತಪ್ಪುತ್ತದೆ. ಚಕ್ಕಡಿಗೆ ಹೇರುವ ರೈತನು ನೊಗವನ್ನು ಕೈಯಿಂದ ಎತ್ತಿ ತೂಕ ನೋಡುತ್ತಿದ್ದುದು ಇದೇ ತತ್ತ್ವವನ್ನು ಅನುಸರಿಸಿ.

೫. ಮನೆಗಾಡಿ ಎಳೆಯುವ ಮೋಟಾರು

ನಾಲ್ಕೂ ಚಕ್ರಗಳಿಗೆ ಬಲ ಹರಿಯುವ ಮೋಟಾರಿನ ಹಿಂದೆ ಮನೆಗಾಡಿಯನ್ನು ಕಟ್ಟಿ ಈ ಸೀಮೆಯಲ್ಲಿ ಸಂಚರಿಸುವವನಿಗೂ ಇವೇ ನಿಯಮಗಳು ಅನ್ವಯಿಸುತ್ತವೆ. ಆಲ್ ಟೆರೇನ್ ಎಂಬ ಹೆಸರಿನಿಂದ ಮಾರಾಟವಾಗುವ ಟೈರು ವಾಸ್ತವದಲ್ಲಿ ಒಂದು ಮಧ್ಯಮಮಾರ್ಗ. ಹೆದ್ದಾರಿಯ ಟೈರಿಗಿಂತ ಅದರ ಗೀರುಗಳು ಅಗಲ, ಕೆಸರಿನ ಟೈರಿಗಿಂತ ಕಿರಿದು. ಮಸಾರಿಯಲ್ಲಿ, ಗರಸಿನ ದಾರಿಯಲ್ಲಿ ಅದು ಚೆನ್ನಾಗಿ ನಡೆಯುತ್ತದೆ; ನೆನೆದ ಎರೆಯಲ್ಲಿ ಅದರ ಗೀರುಗಳೂ ತುಂಬಿ ನುಣುಪಾಗುತ್ತವೆ. ನಾಲ್ಕು ಚಕ್ರಗಳ ಬಲವು ಹೊರಡಲು ನೆರವಾಗುತ್ತದೆಯೇ ಹೊರತು ನಿಲ್ಲಲು ನೆರವಾಗುವುದಿಲ್ಲ. ನಿಲ್ಲಿಸುವುದು ಟೈರು ಮತ್ತು ನೆಲಗಳ ಹಿಡಿತವೇ. ಹಿಂದಿನ ಗಾಡಿಯ ತೂಕವು ಆ ಹಿಡಿತವನ್ನು ಪರೀಕ್ಷಿಸುತ್ತದೆ.

ಆಯ್ಕೆಯಲ್ಲಿ ಮೊದಲು ನೋಡಬೇಕಾದುದು ಗೀರಿನ ಅಂದವಲ್ಲ, ಟೈರಿನ ಮಗ್ಗುಲಲ್ಲಿ ಮುದ್ರಿತವಾದ ಭಾರದ ಸಂಖ್ಯೆ. ೧೦೦ ಎಂದಿದ್ದರೆ ಆ ಟೈರು ೮೦೦ ಕಿಲೋಗ್ರಾಂ, ೧೧೨ ಎಂದಿದ್ದರೆ ೧೧೨೦ ಕಿಲೋಗ್ರಾಂ ಹೊರಬಲ್ಲದು. ಮನೆಗಾಡಿಯ ಕೊಂಡಿಯ ಮೇಲೆ ಬೀಳುವ ಭಾರವು ಮೋಟಾರಿನ ಹಿಂಗಾಲಿಗಳಿಗೆ ಸೇರುವುದರಿಂದ ಅದನ್ನೂ ಎಣಿಸಿಯೇ ಸಂಖ್ಯೆಯನ್ನು ಆರಿಸಬೇಕು. ಮೆತ್ತನೆಯ ನೆಲದಲ್ಲಿ ಗಾಳಿಯನ್ನು ತುಸು ಇಳಿಸಿದರೆ ಊರುವ ಜಾಗ ಹಿಗ್ಗುತ್ತದೆ. ರಸ್ತೆಗೆ ಮರಳುವ ಮುನ್ನ ಪುನಃ ತುಂಬದಿದ್ದರೆ ಭಾರದಿಂದ ಟೈರು ಕಾದು ಒಡೆಯುವ ಭಯವಿದೆ. ಮೋಟಾರಿನ ಮತ್ತು ಮನೆಗಾಡಿಯ ಗಾಲಿಗಳ ನಡುವಣ ಅಂತರ ಒಂದೇ ಆಗಿದ್ದರೆ ಹಿಂದಿನದು ಮುಂದಿನದರ ಜಾಡಿನಲ್ಲಿಯೇ ಉರುಳಿ ಎಳೆತವು ಹಗುರಾಗುತ್ತದೆ. ಊರಿನ ಚಕ್ಕಡಿಗಳು ಗಾಡಿಜಾಡಿಗೆ ಒಪ್ಪುವ ಅಂತರವನ್ನು ಕಾಯ್ದುಕೊಳ್ಳುವುದರ ಮರ್ಮವೂ ಇದೇ. ಕೊನೆಯದಾಗಿ, ಎರೆಯ ದಾರಿ ಒಂದು ಬಲವಾದ ಮಳೆಯಿಂದ ತೊಯ್ದಿದ್ದರೆ ಯಾವ ಟೈರಿಗಿಂತಲೂ ಒಂದು ದಿನ ಕಾಯುವುದೇ ಉತ್ತಮ.

೬. ಉಪಸಂಹಾರ

ಹೇರೆತ್ತು, ಹಳಿಯ ಗಾಲಿ, ಗಾಳಿಯ ಟೈರು, ಪಂಜರಗಾಲಿ ಇವು ಒಂದನ್ನೊಂದು ಅಳಿಸಿ ಬಂದ ಮೆಟ್ಟಿಲುಗಳೆಂದು ಭಾವಿಸುವುದು ಸರಿಯಲ್ಲ. ಒಂದೊಂದೂ ಒಂದು ನೆಲಕ್ಕೆ, ಒಂದು ಭಾರಕ್ಕೆ ಕೊಟ್ಟ ಉತ್ತರ. ಆ ಉತ್ತರವನ್ನು ಕಂಡುಕೊಂಡವರು ಬಡಿಗರು, ಕಮ್ಮಾರರು, ಒಕ್ಕಲಿಗರು; ಅವರ ಲೆಕ್ಕಾಚಾರವು ಕಾಗದದ ಮೇಲಿರದೆ ಗಾಲಿಯ ಅಳತೆಯಲ್ಲಿಯೇ ಉಳಿದಿದೆ. ಹಳೆಯ ಗಾಲಿಗಳು ಹಿತ್ತಿಲಿನ ಸೌದೆಯಾಗಿಯೂ ಉಪಾಹಾರಗೃಹಗಳ ಅಲಂಕಾರವಾಗಿಯೂ ಕಾಣೆಯಾಗುತ್ತಿರುವಾಗ, ಈ ತಾಲ್ಲೂಕುಗಳ ವಿದ್ಯಾರ್ಥಿಗಳು ತಮ್ಮ ಊರಿನ ಗಾಲಿಯ ಎತ್ತರ, ಹಳಿಯ ಅಗಲ, ಗಾಲಿಗಳ ನಡುವಣ ಅಂತರ, ಅದು ನಡೆದ ಹೊಲದ ಮಣ್ಣು ಇಷ್ಟನ್ನು ಬರೆದಿಟ್ಟರೂ ಸಾಕು. ಎರೆಯ ಊರಿನ ಗಾಲಿಗೂ ಮಸಾರಿಯ ಊರಿನ ಗಾಲಿಗೂ ಇರಬಹುದಾದ ಭೇದವನ್ನು ಆ ಅಳತೆಗಳಿಂದಲೇ ನಿರ್ಣಯಿಸಬಹುದು. ನಾಳೆ ಟೈರು ಕೊಳ್ಳುವವನಿಗೂ ಅದು ಉಪಯುಕ್ತವಾದ ಇತಿಹಾಸವಾದೀತು.